ಬೆಟ್ಟದ ಮೇಲಿನ ಗಂಟು ಮತ್ತು ಎಂಜಲು ಸೂತಕ

ಶರಣಧರ್ಮವು ಒಪ್ಪದ ಐದು ಸೂತಕಗಳನ್ನು ಮಠದ ಅಂಗಳದಲ್ಲಿ ಬೆಳೆದ ಮಕ್ಕಳೂ ಬೆರಳು ಮಡಿಸಿ ಎಣಿಸಬಲ್ಲರು: ಜಾತಿಸೂತಕ, ಜನನಸೂತಕ, ಮರಣಸೂತಕ, ರಜಸ್ಸೂತಕ ಮತ್ತು ಎಂಜಲು ಸೂತಕ. ಇವುಗಳಲ್ಲಿ ಜಾತಿಸೂತಕದ ವಿಚಾರ ಪ್ರವಚನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಹುಟ್ಟುಸಾವುಗಳ ಸೂತಕವನ್ನು ಪಾಲಿಸದ ಮನೆಗಳೂ ಅನೇಕ. ಕೊನೆಯದಾದ ಎಂಜಲು ಸೂತಕದ ಬಗೆಗೆ ಮಾತ್ರ ಸದ್ಭಕ್ತರು ಅಷ್ಟಾಗಿ ಯೋಚಿಸುವುದಿಲ್ಲ. ಅದು ಹಳೆಯ ಕಾಲದ ಮಡಿವಂತಿಕೆಗೆ ಸೇರಿದ್ದು, ಎಂದೋ ಮುಗಿದುಹೋದದ್ದು ಎಂಬ ಭಾವನೆ ಸಾಮಾನ್ಯವಾಗಿದೆ. ಅದು ಮುಗಿದಿಲ್ಲ. ಅಡುಗೆಮನೆಯನ್ನು ಬಿಟ್ಟು ಹೊರಬಂದು ಬೆಟ್ಟದ ಹಾದಿಯಲ್ಲಿ, ಕೆರೆಯ ಏರಿಯ ಮೇಲೆ, ಉದ್ಯಾನದ ಕಲ್ಲುಬೆಂಚಿನ ಕೆಳಗೆ ಅದು ಇಂದು ಕುಳಿತಿದೆ. ಬಾಯಿ ಬಿಗಿದು ಗಂಟು ಹಾಕಿ ಬಿಟ್ಟುಹೋದ ಒಂದು ಪ್ಲಾಸ್ಟಿಕ್ ಕವರೇ ಅದರ ಇಂದಿನ ರೂಪ.

ಕಂಡಕಂಡಲ್ಲಿ ಕಸ ಎಸೆಯುವವರ ಬಗೆಗೆ ಬೇಕಾದಷ್ಟು ಬರಹಗಳು ಬಂದಿವೆ. ಇಲ್ಲಿನ ವಿಚಾರ ಅವರದಲ್ಲ. ಎಸೆಯಬಾರದೆಂದು ಬಲ್ಲವರು, ತಿಂದ ತಟ್ಟೆ, ಕುಡಿದ ಲೋಟ, ಬಾಳೆಹಣ್ಣಿನ ಸಿಪ್ಪೆ, ಖಾಲಿ ಬಾಟಲಿ ಎಲ್ಲವನ್ನೂ ಶ್ರದ್ಧೆಯಿಂದ ಒಂದು ಕವರಿನಲ್ಲಿ ತುಂಬುವವರು, ಬಾಯನ್ನು ಎರಡು ಸುತ್ತು ಕಟ್ಟುವವರು, ಬಳಿಕ ಅದನ್ನು ಬಂಡೆಯ ಮಗ್ಗುಲಲ್ಲೋ ಮರದ ಬುಡದಲ್ಲೋ ಜೋಪಾನವಾಗಿ ಇಟ್ಟು ಇಳಿದುಹೋಗುವವರು ಕುರಿತು ಈ ವಿಚಾರ. ಇವರು ಕೆಟ್ಟವರಲ್ಲ. ಮಾಡಬೇಕಾದ ಕೆಲಸದಲ್ಲಿ ಮುಕ್ಕಾಲು ಪಾಲನ್ನು ಮಾಡಿದವರು. ಉಳಿದ ಕಾಲು ಪಾಲಿನ ಹೊಸ್ತಿಲಲ್ಲಿ ಅವರ ಕೈಯನ್ನು ತಡೆದು ನಿಲ್ಲಿಸಿದ್ದು ಯಾವುದು ಎಂಬುದೇ ಪ್ರಶ್ನೆ.

ಈ ಪ್ರಶ್ನೆಯನ್ನು ಕೇಳಿಕೊಳ್ಳಲು ಆವತಿಗಿಂತ ತಕ್ಕ ಸ್ಥಳ ಸಿಗುವುದು ಕಷ್ಟ. ದೇವನಹಳ್ಳಿಯಿಂದ ಚಿಕ್ಕಬಳ್ಳಾಪುರದ ಕಡೆಗೆ ಸಾಗುವ ಹೆದ್ದಾರಿಯ ಮಗ್ಗುಲಲ್ಲಿ, ನಂದಿಯ ಬೆಟ್ಟಸಾಲು ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ ಈ ಊರಿದೆ. ಊರು ಚಿಕ್ಕದು, ಇತಿಹಾಸ ದೊಡ್ಡದು. ಕಾಂಚೀ ಸೀಮೆಯ ಕಡೆಯಿಂದ ಏಳು ಮಂದಿ ಸಹೋದರರು ಬಂಡಿ ಕಟ್ಟಿಕೊಂಡು ಹೊರಟು ಈ ಬೆಟ್ಟಗಳ ತಪ್ಪಲಿಗೆ ಬಂದು ಬೀಡುಬಿಟ್ಟರೆಂದೂ, ಅವರಲ್ಲಿ ರಣಬೈರೇಗೌಡನು ಆವತಿಯಲ್ಲಿ ನೆಲೆಯೂರಿದನೆಂದೂ ಐತಿಹ್ಯವಿದೆ. ಆವತಿ ನಾಡಪ್ರಭುಗಳೆಂದು ಹೆಸರಾದ ಈ ಮನೆತನದೊಂದಿಗೆ ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ, ಯಲಹಂಕಗಳ ಹೆಸರುಗಳು ಹೆಣೆದುಕೊಂಡಿವೆ. 1537ರಲ್ಲಿ ಬೆಂಗಳೂರನ್ನು ಕಟ್ಟಿದ ಕೆಂಪೇಗೌಡರ ವಂಶದ ಬೇರನ್ನು ಇತಿಹಾಸಕಾರರು ಹುಡುಕಿಕೊಂಡು ಬರುವುದು ಇಲ್ಲಿಗೇ. ಆವತಿಯಿಂದ ಹೋದವರು ಒಂದು ಮಹಾನಗರವನ್ನು ಕಟ್ಟಿದರು. ಆ ಮಹಾನಗರದಿಂದ ಇಂದು ಆವತಿಗೆ ಬರುವವರು ಬಿಟ್ಟುಹೋಗುವುದೇನು ಎಂಬುದನ್ನು ಬೆಟ್ಟವೇ ಹೇಳುತ್ತದೆ.

ರಜೆಯ ದಿನಗಳಲ್ಲಿ ಸೂರ್ಯೋದಯವನ್ನು ಕಾಣಬೇಕೆಂದು ಬೆಂಗಳೂರಿನಿಂದ ನಸುಕಿನಲ್ಲೇ ಹೊರಟು ಬರುವ ಯುವಕ ಯುವತಿಯರಿಗೂ ಕುಟುಂಬಗಳಿಗೂ ಆವತಿ ಬೆಟ್ಟ ಈಗ ಪರಿಚಿತವಾಗಿದೆ. ನಂದಿಬೆಟ್ಟದ ದಟ್ಟಣೆಯನ್ನು ತಪ್ಪಿಸಲೆಂದು ಬರುವವರೂ ಉಂಟು. ನಂದಿಯಂತೆ ಇದು ವ್ಯವಸ್ಥಿತ ಪ್ರವಾಸಿ ತಾಣವಾಗಿ ಬೆಳೆದದ್ದಲ್ಲ. ಊರಿನವರು ದನ ಕುರಿ ಮೇಯಿಸುವ, ದೇವರಿಗೆ ನಡೆದುಕೊಳ್ಳುವ ಬೆಟ್ಟ. ಹಳೆಯ ಕೋಟೆಯ ಕಲ್ಲುಗಳು, ಗುಡಿ, ಬೋಳುಬಂಡೆಯ ಇಳಿಜಾರು, ಬಂಡೆಗಳ ನಡುವೆ ಒಣಹುಲ್ಲು ಇದರ ಐಶ್ವರ್ಯ. ಬರುವವರ ಬಗೆಗೆ ಆಕ್ಷೇಪವಿಲ್ಲ. ಬೆಳಗಿನ ಬೆಳಕನ್ನು ಕಾಣಲು ಇಷ್ಟು ದೂರ ಬರುವ ಮನಸ್ಸು ಒಳ್ಳೆಯದೇ. ಬಂದವರು ಉಂಡು ತಿಂದು ಕುಳಿತೆದ್ದ ಜಾಗದಲ್ಲಿ ಉಳಿಯುವ ಗಂಟಿನ ಬಗೆಗಷ್ಟೇ ಮಾತು.

ಒಂದು ಸರಳವಾದ ಲೆಕ್ಕವಿದೆ. ಒಂದು ಲೀಟರು ನೀರು ತುಂಬಿದ ಬಾಟಲಿಯ ತೂಕ ಒಂದು ಕಿಲೋಗ್ರಾಮಿಗೂ ತುಸು ಹೆಚ್ಚು. ಕುಡಿದು ಮುಗಿಸಿದ ಮೇಲೆ ಉಳಿಯುವುದು ಕೆಲವೇ ಗ್ರಾಮು. ಚಿತ್ರಾನ್ನವೋ ಇಡ್ಲಿಯೋ ತುಂಬಿದ ಪೊಟ್ಟಣವನ್ನು ಹೊತ್ತು ಕತ್ತಲಲ್ಲಿ ಏದುಸಿರು ಬಿಡುತ್ತಾ ಏರಿದ ಭುಜಕ್ಕೆ, ಹಗಲ ಬೆಳಕಿನಲ್ಲಿ ಇಳಿಯುವಾಗ ಬರಿಯ ಪೊಟ್ಟಣ ಭಾರವಾಗುವುದು ಹೇಗೆ? ಭಾರ ವಸ್ತುವಿನದಲ್ಲ. ಉಣ್ಣುವ ಮೊದಲು ಅದು ಅನ್ನ. ಉಂಡ ಮೇಲೆ ಎಂಜಲು. ಉಣ್ಣುವ ಮೊದಲು ಅದು ತನ್ನದು; ಉಂಡ ಮೇಲೆ ಯಾರದೋ. ತನ್ನ ಬಾಯಿ ಮುಟ್ಟಿದ ಲೋಟವನ್ನೇ ತನ್ನ ಕೈಚೀಲದಲ್ಲಿ ಇಟ್ಟುಕೊಳ್ಳಲು ಹೇಸುವ ಈ ಮನಸ್ಸಿಗೆ ಎಂಜಲು ಸೂತಕ ಎಂಬ ಹಳೆಯ ಹೆಸರನ್ನು ಬಿಟ್ಟು ಬೇರೆ ಹೆಸರು ಹೊಂದುವುದಿಲ್ಲ. ಮಡಿ ಮೈಲಿಗೆಗಳನ್ನು ಮೂಢನಂಬಿಕೆ ಎಂದು ನಗುವ ವಿದ್ಯಾವಂತರಲ್ಲಿಯೂ ಅದು ಹೀಗೆ ಬದುಕಿರುವುದು ವಿಷಾದದ ಸಂಗತಿ.

ಗಂಟಿನ ಮುಂದಿನ ಕಥೆಯನ್ನು ಕಟ್ಟಿಟ್ಟವರು ನೋಡುವುದಿಲ್ಲ. ಅವರು ಹೆದ್ದಾರಿಯನ್ನು ಸೇರುವ ಮೊದಲೇ ನಾಯಿಯೋ ಕೋತಿಯೋ ಅದನ್ನು ಹರಿದಿರುತ್ತದೆ. ಗಾಳಿಗೆ ಕೆಲವು ಚೂರುಗಳು ಮುಳ್ಳುಕಂಟಿಗೆ ಸಿಕ್ಕಿಕೊಳ್ಳುತ್ತವೆ. ಉಪ್ಪು ಎಣ್ಣೆಯ ವಾಸನೆ ಹಿಡಿದು ದನ ಬರುತ್ತದೆ. ದನಕ್ಕೆ ಮೇಲಿನ ದವಡೆಯಲ್ಲಿ ಮುಂಹಲ್ಲುಗಳಿಲ್ಲ. ಹುಲ್ಲನ್ನು ನಾಲಿಗೆಯಿಂದ ಸುತ್ತಿ ಸೆಳೆದು ನುಂಗುವುದು ಅದರ ಸಹಜ ಕ್ರಮ. ಅನ್ನವನ್ನು ಬೇರೆ ಮಾಡಿ ಕವರನ್ನು ಉಗುಳುವ ವಿವೇಚನೆ ಅದರ ನಾಲಿಗೆಗೆ ಇಲ್ಲ. ನುಂಗಿದ ಪ್ಲಾಸ್ಟಿಕ್ಕು ಮೊದಲ ಹೊಟ್ಟೆಯಲ್ಲಿ ಕರಗದೆ, ಮುಂದಕ್ಕೂ ಹೋಗದೆ ಉಂಡೆಗಟ್ಟುತ್ತಾ ಉಳಿಯುತ್ತದೆ. ಹೊಟ್ಟೆ ತುಂಬಿದಂತಿದ್ದೇ ಹಸು ಸೊರಗುತ್ತದೆ. ಚೆಲ್ಲಾಡಿದ ಅನ್ನವಾಗಿದ್ದರೆ ಇರುವೆಗಾದರೂ ಆಗುತ್ತಿತ್ತು. ಬಾಯಿ ಕಟ್ಟಿದ ಕವರಿನಲ್ಲಿ ಅನ್ನವೇ ಗಾಳವಾಗುತ್ತದೆ. ಒಳ್ಳೆಯದೆಂದು ಹಾಕಿದ ಗಂಟೇ ಮೂಕಪ್ರಾಣಿಗೆ ಉರುಳಾಗುವುದು ಹೀಗೆ.

ಮಳೆಗಾಲ ಬಂದಾಗ ಬೋಳುಬಂಡೆಯ ಮೇಲೆ ಬಿದ್ದ ನೀರು ನಿಲ್ಲುವುದಿಲ್ಲ. ಸಿಕ್ಕಿದ್ದನ್ನು ಬಾಚಿಕೊಂಡು ತಗ್ಗಿಗೆ ಇಳಿಯುತ್ತದೆ. ಅರ್ಕಾವತಿ, ದಕ್ಷಿಣ ಪಿನಾಕಿನಿಗಳಿಗೆ ಜನ್ಮ ನೀಡಿದ ಈ ಬೆಟ್ಟಸೀಮೆಯಲ್ಲಿ ಜೀವನದಿಗಳಿಲ್ಲ. ಹಿರಿಯರು ಹಳ್ಳಕ್ಕೆ ಅಡ್ಡಲಾಗಿ ಏರಿ ಹಾಕಿ, ಒಂದು ಕೆರೆಯ ಕೋಡಿ ಇನ್ನೊಂದು ಕೆರೆಗೆ ಬೀಳುವಂತೆ ಸರಪಳಿ ಕಟ್ಟಿ ಬೇಸಾಯ ಮಾಡಿದ ನಾಡಿದು. ಬೆಟ್ಟದ ಮೇಲೆ ಬಿಟ್ಟದ್ದು ರಾಜಕಾಲುವೆಯಲ್ಲಿ ಸಿಕ್ಕಿಕೊಳ್ಳುತ್ತದೆ, ತೂಬಿನ ಬಾಯಿಗೆ ಅಡ್ಡ ಬರುತ್ತದೆ. ಬೇಸಿಗೆಯಲ್ಲಾದರೋ ಒಣಹುಲ್ಲಿನ ನಡುವೆ ಬಿದ್ದ ಪ್ಲಾಸ್ಟಿಕ್ಕು ಕಾಳ್ಗಿಚ್ಚಿಗೆ ಮೇವಾಗುತ್ತದೆ. ಬಿಸಿಲಿಗೆ ಸುಕ್ಕಿ ಪುಡಿಯಾದ ಕವರನ್ನು ಮತ್ತೆ ಆರಿಸುವುದು ಯಾರಿಂದಲೂ ಆಗದು. ಒಂದು ಮುಂಜಾನೆಯ ಅರ್ಧ ಗಂಟೆಯ ಉಪಾಹಾರವು ಒಂದು ಊರಿನ ವರ್ಷಗಳ ಹೊರೆಯಾಗುತ್ತದೆ.

ಹಾಗಾದರೆ ಕಟ್ಟಿಟ್ಟವರು ಏನನ್ನು ನಂಬಿ ಇಟ್ಟರು? ಯಾರೋ ಬಂದು ಎತ್ತಿಕೊಂಡು ಹೋಗುತ್ತಾರೆ ಎಂಬ ನಂಬಿಕೆಯೇ ಆ ಗಂಟಿನ ಆಧಾರ. ನಗರದ ಬೀದಿಯಲ್ಲಿ ಪೌರಕಾರ್ಮಿಕರಿದ್ದಾರೆ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಸ್ವಚ್ಛ ವಾಹಿನಿಯೆಂಬ ಗಾಡಿ ಮನೆಮನೆಯ ಮುಂದೆ ಬರುತ್ತದೆ. ಅನೇಕ ಪಂಚಾಯಿತಿಗಳಲ್ಲಿ ಸ್ವಸಹಾಯ ಸಂಘದ ಹೆಣ್ಣುಮಕ್ಕಳೇ ಅದನ್ನು ನಡೆಸುತ್ತಾರೆ. ಆ ಗಾಡಿ ಬಂಡೆಯನ್ನು ಏರುವುದಿಲ್ಲ. ಏರಿಬಂದು ಆ ಗಂಟನ್ನು ಹೊರುವವರು ಯಾರು ಎಂದು ಕೇಳಿದರೆ ಉತ್ತರ ಇಲ್ಲ. ಒಂದು ಅಸ್ಪಷ್ಟ ಆಕೃತಿ ಮಾತ್ರ ಮನಸ್ಸಿನಲ್ಲಿ ಸುಳಿಯುತ್ತದೆ. ಆ ಆಕೃತಿಗೆ ಹೆಸರಿಲ್ಲ, ಮುಖವಿಲ್ಲ. ಆದರೆ ಆತ ಯಾವ ಕೇರಿಯವನು, ಆಕೆ ಯಾವ ಕುಲದವಳು ಎಂಬುದು ಕೇಳದೆಯೇ ಗೊತ್ತಿರುವಂತಿದೆ. ತಲೆತಲಾಂತರದಿಂದ ಇತರರ ಹೊಲಸನ್ನು ಹೊರಲೆಂದೇ ಕೆಲವರನ್ನು ದೂರ ಇಟ್ಟ ಸಮಾಜದಲ್ಲಿ ಯಾರೋ ಎಂಬ ಪದ ಎಂದಿಗೂ ನಿರ್ದೋಷಿಯಲ್ಲ. ಎಂಜಲು ಸೂತಕದ ಬೆನ್ನಿಗೆ ಜಾತಿಸೂತಕ ಅಂಟಿಕೊಂಡೇ ಬರುತ್ತದೆ. ಐದರಲ್ಲಿ ಒಂದನ್ನು ಉಳಿಸಿಕೊಂಡು ನಾಲ್ಕನ್ನು ಬಿಟ್ಟೆವೆಂದು ಹೇಳುವುದು ಸಾಧ್ಯವಿಲ್ಲ ಎಂಬುದನ್ನು ಶರಣರು ಚೆನ್ನಾಗಿ ಬಲ್ಲವರಾಗಿದ್ದರು.

ಒಂದು ಕವರಿನ ವಿಚಾರಕ್ಕೆ ಇಷ್ಟು ದೊಡ್ಡ ಮಾತೇಕೆ ಎನ್ನಿಸಬಹುದು. ಅದೇ ಕವರು ನಗರದ ಗಾತ್ರಕ್ಕೆ ಬೆಳೆದಾಗ ಏನಾಯಿತೆಂಬುದನ್ನು ಬೆಂಗಳೂರಿನ ಸುತ್ತಲಿನ ಹಳ್ಳಿಗಳು ಕಂಡಿವೆ. ಯಲಹಂಕದಾಚೆಯ ಮಾವಳ್ಳಿಪುರದವರು ವರ್ಷಗಟ್ಟಲೆ ಮಹಾನಗರದ ಕಸವನ್ನು ತಾಳಿಕೊಂಡು, ಕೊನೆಗೆ ಎದ್ದು ನಿಂತಾಗ 2012ರಲ್ಲಿ ಅಲ್ಲಿಗೆ ಕಸ ಸಾಗಿಸುವುದು ನಿಂತಿತು. ನಗರದ ಬೀದಿಗಳಲ್ಲಿ ರಾಶಿ ಬಿದ್ದಿತು. ಭಾರವೆಲ್ಲ ಮಂಡೂರಿನ ಮೇಲೆ ಬಿತ್ತು. ಅಲ್ಲಿನವರು ನೊಣ, ದುರ್ನಾತ, ಕೆಟ್ಟ ಅಂತರ್ಜಲಗಳನ್ನು ಸಹಿಸಲಾರದೆ ಬೀದಿಗಿಳಿದ ಮೇಲೆ 2014ರ ಕೊನೆಗೆ ಅದೂ ನಿಂತಿತು. ನಂತರದ ವರ್ಷಗಳಲ್ಲಿ ದೊಡ್ಡಬಳ್ಳಾಪುರ ತಾಲ್ಲೂಕಿನ ಚಿಗರೇನಹಳ್ಳಿ ಸುತ್ತಿನ ಗ್ರಾಮಸ್ಥರು ಇದೇ ಕಾರಣಕ್ಕೆ ಧರಣಿ ಕುಳಿತರು. ಲಾರಿಗಳಲ್ಲಿ ಬಂದ ಕಸವೂ ಮೊದಲು ಯಾರದೋ ಮನೆಯ ಬಾಗಿಲಲ್ಲಿ ನೀಟಾಗಿ ಗಂಟು ಕಟ್ಟಿದ್ದೇ. ಬಾಗಿಲಿನಿಂದ ಆಚೆ ಹೋದದ್ದು ಲೋಕದಿಂದಲೇ ಹೋಯಿತೆಂದು ನಂಬಿದ ಲಕ್ಷಾಂತರ ಮನೆಗಳ ಗಂಟು ಮಂಡೂರಿನಲ್ಲಿ ಬೆಟ್ಟವಾಯಿತು. ಆವತಿಯಲ್ಲಿ ಬೆಟ್ಟದ ಮೇಲೆ ಗಂಟು ಕುಳಿತಿದೆ. ವ್ಯತ್ಯಾಸ ಅಷ್ಟೇ.

ಶರಣಪಥದಲ್ಲಿ ಇದಕ್ಕೆ ಉತ್ತರವಾಗಿ ನಿಲ್ಲುವವಳು ಸತ್ಯಕ್ಕ. ಶಂಭುಜಕ್ಕೇಶ್ವರ ಅಂಕಿತದ ಈ ಶರಣೆಯ ಕಾಯಕ, ಭಕ್ತರ ಮನೆಯಂಗಳದ ಕಸ ಗುಡಿಸುವುದು. ಪಂಡಿತರು ಆಕೆಯ ವಚನಗಳ ದಿಟ್ಟತನವನ್ನು ಕೊಂಡಾಡುತ್ತಾರೆ. ಪೊರಕೆಯನ್ನು ಕುರಿತು ಹೇಳುವಾಗ ಸದ್ದು ತಗ್ಗುತ್ತದೆ. ಆದರೆ ಆಕೆಯ ಮಾತಿಗೆ ಆ ಕಸುವು ಬಂದದ್ದು ಪೊರಕೆ ಹಿಡಿದ ಕೈಯಿಂದಲೇ ಇರಬೇಕು. ಕಲ್ಯಾಣದ ಕಾಲದಲ್ಲಿ ಕಸ ಗುಡಿಸುವವಳು ಅನುಭಾವಿಯಾಗಬಲ್ಲಳೆಂಬುದು ದೊಡ್ಡ ಸಂಗತಿ. ಅದನ್ನು ನೆಪವಾಗಿಸಿಕೊಂಡು, ಗುಡಿಸುವುದು ಅವಳ ಕಾಯಕವಾದ್ದರಿಂದ ಚೆಲ್ಲುವುದು ತನ್ನ ಹಕ್ಕು ಎಂದು ಯಾವ ಭಕ್ತನೂ ತಿಳಿಯಲಾಗದು. ಕಾಯಕದ ಗೌರವ ಎಂದರೆ ಕಾಯಕಜೀವಿಯ ಹೊರೆಯನ್ನು ಹೆಚ್ಚಿಸದಿರುವುದೂ ಹೌದು. ಪ್ರತಿ ವರ್ಷ ಸೆಪ್ಟೆಂಬರ್ 23ರಂದು ಪೌರಕಾರ್ಮಿಕರ ದಿನದಲ್ಲಿ ಶಾಲು ಹೊದಿಸುವ ಕೈಗಳು, ಉಳಿದ ದಿನಗಳಲ್ಲಿ ತಮ್ಮ ಕಸವನ್ನು ತಾವೇ ಬೇರ್ಪಡಿಸಿ ಕೊಟ್ಟರೆ ಆ ಶಾಲಿಗೆ ಅರ್ಥ ಬರುತ್ತದೆ.

ಇನ್ನೊಂದು ಪ್ರಸಂಗವನ್ನು ಭಕ್ತರೆಲ್ಲರೂ ಬಲ್ಲರು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಮಾರಯ್ಯ ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ತಂದಾಗ, ಲಕ್ಕಮ್ಮ ಅದನ್ನು ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದ ಪ್ರಸಂಗ. ಇದನ್ನು ಅತಿಯಾಸೆಯ ನಿರಾಕರಣೆಯ ದೃಷ್ಟಾಂತವಾಗಿ ವಿವರಿಸುವುದು ವಾಡಿಕೆ. ಅದರಲ್ಲಿ ಇನ್ನೊಂದು ಅರ್ಥವೂ ಅಡಗಿದೆ. ಯಾವುದು ಎಲ್ಲಿಗೆ ಸೇರಬೇಕೋ ಅಲ್ಲಿಗೆ ಅದನ್ನು ಹೊತ್ತು ಮುಟ್ಟಿಸಿದ ಮೇಲೆಯೇ ಕೆಲಸ ಮುಗಿಯುವುದು. ಬಾಗಿಲಲ್ಲಿ ಇಟ್ಟರೆ ಸಾಕು, ಯಾರಾದರೂ ಒಯ್ಯುತ್ತಾರೆ ಎಂದು ಲಕ್ಕಮ್ಮ ಹೇಳಲಿಲ್ಲ. ದಣಿದು ಬಂದ ಗಂಡನನ್ನೇ ಮತ್ತೆ ನಡೆಸಿದಳು. ಆ ಹಿಂದಿರುಗುವ ನಡಿಗೆಯೂ ಕಾಯಕದ ಭಾಗವಾಗಿತ್ತು. ಬೆಟ್ಟ ಇಳಿಯುವಾಗ ಕೈಯಲ್ಲಿರುವ ಗಂಟು ಮಾರಯ್ಯನು ಹಿಂದಕ್ಕೆ ಹೊತ್ತ ಅಕ್ಕಿಯ ಜಾತಿಗೆ ಸೇರಿದ್ದು.

ಕಸದ ಡಬ್ಬಿ ಇಡದಿದ್ದರೆ ಜನ ಏನು ಮಾಡಬೇಕು ಎಂಬ ಆಕ್ಷೇಪವುಂಟು. ಅದರಲ್ಲಿ ಸ್ವಲ್ಪ ಸತ್ಯವೂ ಇದೆ. ಬಸ್ ನಿಲ್ದಾಣ, ಸಂತೆಮಾಳಗಳಲ್ಲಿ ಡಬ್ಬಿ ಇಡುವುದು ಆಡಳಿತದ ಕರ್ತವ್ಯ. ಆದರೆ ಬೆಟ್ಟದ ತುದಿಯ ಡಬ್ಬಿಯನ್ನೂ ಯಾರಾದರೂ ಹೊತ್ತು ಇಳಿಸಲೇಬೇಕು. ಇಳಿಸದಿದ್ದರೆ ತುಂಬಿದ ಡಬ್ಬಿಯ ಸುತ್ತಲೇ ಗಂಟುಗಳ ಹಿಂಡು ಬೆಳೆಯುತ್ತದೆ. ಡಬ್ಬಿ ಬಂದರೂ ಯಾರೋ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಸ್ವಯಂಸೇವಕರು ಬಂದು ಆಗಾಗ ಬೆಟ್ಟಗಳನ್ನು ಸ್ವಚ್ಛಗೊಳಿಸುವುದು ಸ್ತುತ್ಯವಾದ ಸೇವೆ. ಅವರು ಬರುತ್ತಾರೆಂಬ ಭರವಸೆಯಲ್ಲಿ ಬಿಟ್ಟುಹೋಗುವುದು ಆ ಸೇವೆಗೆ ಮಾಡುವ ಅವಮಾನ.

ಕಾನೂನು ಇಲ್ಲವೆಂದೂ ಅಲ್ಲ. ಕರ್ನಾಟಕವು 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚಗಳನ್ನು ನಿಷೇಧಿಸಿತು. ಕಸವನ್ನು ಬೀದಿಯಲ್ಲಿಯಾಗಲಿ ಬಯಲಿನಲ್ಲಿಯಾಗಲಿ ಬಿಸಾಡಬಾರದು, ಸುಡಬಾರದು, ಮೂಲದಲ್ಲಿಯೇ ಬೇರ್ಪಡಿಸಬೇಕು ಎಂದು ಅದೇ ವರ್ಷದ ಕೇಂದ್ರದ ಘನತ್ಯಾಜ್ಯ ನಿಯಮಗಳು ವಿಧಿಸಿದವು. 2025ರ ಅಕ್ಟೋಬರ್ ಕೊನೆಯಲ್ಲಿ ಬೆಂಗಳೂರಿನಲ್ಲಿ ಬೀದಿಗೆ ಕಸ ಹಾಕಿದವರ ಮನೆ ಬಾಗಿಲಿಗೇ ಕಸವನ್ನು ತಂದು ಸುರಿದು ದಂಡ ವಿಧಿಸಿದ್ದೂ ಆಯಿತು. ಹೊರದೇಶದ ಉದಾಹರಣೆ ಬೇಕೆಂದರೆ, 2014ರಲ್ಲಿ ನೇಪಾಳವು ಎವರೆಸ್ಟ್ ಏರುವ ಪ್ರತಿಯೊಬ್ಬರೂ 8 ಕಿಲೋ ಕಸವನ್ನು ಇಳಿಸಿ ತರಬೇಕೆಂದೂ, ತಂದರೆ ಮಾತ್ರ 4,000 ಡಾಲರ್ ಠೇವಣಿಯನ್ನು ಹಿಂದಿರುಗಿಸುವುದೆಂದೂ ನಿಯಮ ಮಾಡಿತು. ಆರೋಹಿಗಳು ಕೆಳಗಿನ ಶಿಬಿರಗಳ ಕಸವನ್ನು ತೂಗಿಸಿ ಠೇವಣಿ ಪಡೆದರು; ಮೇಲಿನ ಶಿಬಿರಗಳ ಕಸ ಬಹುಮಟ್ಟಿಗೆ ಅಲ್ಲಿಯೇ ಉಳಿಯಿತು. ಹಣ ತೂಕವನ್ನು ಅಳೆಯಬಲ್ಲದು, ಮನಸ್ಸನ್ನು ಅಳೆಯಲಾರದು. ದಂಡದ ಭಯವಿರುವುದು ಕ್ಯಾಮೆರಾ ಇರುವಲ್ಲಿ. ಆವತಿಯ ಬಂಡೆಯ ಮೇಲೆ ನೋಡುವವರು ಯಾರೂ ಇಲ್ಲ. ಅರಿವೇ ಗುರುವೆಂದು ಸಾಧಿಸುವ ಸಂಪ್ರದಾಯದ ಪರೀಕ್ಷೆಯಾಗುವುದು ಇಂತಹ ಏಕಾಂತದಲ್ಲಿಯೇ.

ಈ ಪರೀಕ್ಷೆ ಪ್ರವಾಸಿಗರಿಗೆ ಮಾತ್ರವೆಂದು ಸದ್ಭಕ್ತರು ಭಾವಿಸುವಂತಿಲ್ಲ. ಶಿವರಾತ್ರಿಗೆ ಧರ್ಮಸ್ಥಳಕ್ಕೆ ಘಟ್ಟ ಇಳಿಯುವ ಪಾದಯಾತ್ರಿಗಳ ಹಾದಿಯಲ್ಲಿ, ತಾಳಬೆಟ್ಟದಿಂದ ಮಲೆ ಮಹದೇಶ್ವರನ ಸನ್ನಿಧಿಗೆ ಏರುವ ದಾರಿಯಲ್ಲಿ, ಶಿವಗಂಗೆಯ ಮೆಟ್ಟಿಲುಗಳ ಮಗ್ಗುಲಲ್ಲಿ ಇಂತಹ ಗಂಟುಗಳೇನೂ ಕಡಿಮೆಯಿಲ್ಲ. ಪುಣ್ಯಕ್ಕೆಂದು ದಾರಿಯಲ್ಲಿ ಮಜ್ಜಿಗೆ, ಪಾನಕ, ಪ್ರಸಾದ ಹಂಚುವವರ ದಾಸೋಹಭಾವ ದೊಡ್ಡದು. ಹಂಚಿದ ಲೋಟಗಳು ಕಾಡಿನ ಪಾಲಾದರೆ ಆ ದಾಸೋಹ ಅರ್ಧಕ್ಕೇ ನಿಂತಂತೆ. ಮಠಗಳ ದಾಸೋಹದಲ್ಲಿ ತಟ್ಟೆಯಲ್ಲಿ ಅಗುಳನ್ನೂ ಬಿಡದೆ ಉಂಡು, ತಟ್ಟೆ ತೊಳೆದ ನೀರನ್ನೂ ಕುಡಿಯುವ ನಿಷ್ಠರು ಇಂದಿಗೂ ಇದ್ದಾರೆ. ಉಂಡ ತಟ್ಟೆಯನ್ನು ಉಂಡವರೇ ತೊಳೆದಿಡುವ ರೂಢಿಯೂ ಇದೆ. ಅಲ್ಲಿ ಶ್ರೀಮಂತನಿಗೂ ಬಡವನಿಗೂ ಒಂದೇ ನಲ್ಲಿ. ಎಂಜಲು ಸೂತಕವನ್ನು ಮೀರುವ ಪಾಠವನ್ನು ಅದಕ್ಕಿಂತ ಚೆನ್ನಾಗಿ ಯಾವ ಗ್ರಂಥವೂ ಕಲಿಸಲಾರದು. ಮಠದ ಹೊಸ್ತಿಲು ದಾಟಿದ ಕೂಡಲೇ ಆ ಪಾಠ ಮರೆತುಹೋಗಬಾರದು.

ಮಾಡಬೇಕಾದದ್ದು ಕಷ್ಟದ ವ್ರತವೇನಲ್ಲ. ಬೆಟ್ಟಕ್ಕೋ ಯಾತ್ರೆಗೋ ಹೊರಡುವವರು ಬುತ್ತಿಯನ್ನು ಮನೆಯ ಡಬ್ಬಿಯಲ್ಲಿ ಕಟ್ಟಿಕೊಳ್ಳಲಿ. ನೀರಿಗೆ ಉಕ್ಕಿನ ತಂಬಿಗೆಯೋ ಬಾಟಲಿಯೋ ಇರಲಿ. ತಟ್ಟೆ ಬೇಕಾದರೆ ಮುತ್ತುಗದ ಎಲೆ, ಬಾಳೆಲೆ ಇವೆ. ಆದರೂ ಉಳಿಯುವ ಕಸಕ್ಕೆ ಒಂದು ಗಟ್ಟಿ ಚೀಲವಿರಲಿ. ಆ ಚೀಲ ತಪ್ಪಲಿನ ಚಹಾದಂಗಡಿಯ ಮುಂದೆಯೂ ಅಲ್ಲ, ಆವತಿಯ ಊರಬಾಗಿಲಲ್ಲಿಯೂ ಅಲ್ಲ, ಹೊರಟ ಮನೆಯಲ್ಲಿಯೇ ಇಳಿಯಲಿ. ಹಸಿ ಕಸ, ಒಣ ಕಸಗಳನ್ನು ಬೇರೆಮಾಡಿ ಕೊಡುವ ಅನುಕೂಲವಿರುವುದು ಅಲ್ಲಿ. ಅದಕ್ಕೆ ತೆರಿಗೆ ಕೊಟ್ಟಿರುವುದೂ ಅಲ್ಲಿ. ಗುಂಪಿನಲ್ಲಿ ಹೋದಾಗ ಚೀಲ ಹೊರುವ ಕೆಲಸವನ್ನು ಚಿಕ್ಕವರಿಗೋ ಕೂಲಿಯವನಿಗೋ ಒಪ್ಪಿಸದೆ, ಗುಂಪಿನ ಹಿರಿಯರೇ ಮೊದಲು ಕೈ ಹಾಕಲಿ. ಹಿರಿಯರ ಹೆಗಲಿನ ಮೇಲೆ ಕಂಡ ಚೀಲವನ್ನು ಕಿರಿಯರು ಮರೆಯುವುದಿಲ್ಲ. ಪಾದಯಾತ್ರೆಯ ಮುಂಭಾಗದಲ್ಲಿ ಧ್ವಜ ಹಿಡಿಯಲು ಇರುವಷ್ಟೇ ಉತ್ಸಾಹ ಹಿಂಭಾಗದಲ್ಲಿ ಚೀಲ ಹಿಡಿಯಲೂ ಮೂಡಲಿ.

ಆವತಿಯ ತಪ್ಪಲಿಗೆ ಬಂಡಿ ಹೊಡೆದುಕೊಂಡು ಬಂದ ಆ ಹಳೆಯ ಮನೆತನ ನೆಲವನ್ನು ನಂಬಿ ಬಂದಿತ್ತು. ಆ ನೆಲ ಅವರನ್ನು ನಾಡಪ್ರಭುಗಳನ್ನಾಗಿ ಮಾಡಿತು. ಇಂದು ಬರುವವರು ಒಂದು ಬೆಳಗನ್ನಷ್ಟೇ ಬೇಡಿ ಬರುತ್ತಾರೆ. ಬೆಟ್ಟ ಅದನ್ನು ಬೆಲೆ ಕೇಳದೆ ಕೊಡುತ್ತದೆ. ಕೊಟ್ಟ ನೆಲಕ್ಕೆ ಎಂಜಲನ್ನು ಬಿಟ್ಟು ಬರುವುದು ಶರಣರ ದಾರಿಯಲ್ಲ. ತನ್ನ ಎಂಜಲಿಗೆ ತಾನೇ ಹೇಸದವನು ಇನ್ನೊಬ್ಬರನ್ನು ಹೇಸಲಾರ. ಈ ಅರಿವು ಸದ್ಭಕ್ತರೆಲ್ಲರ ಕೈಗೂ ಇಳಿದು ಬರಲಿ.